ನಿಕರಾಗುವಾ: ಬಿಡಿಸಿದವರನ್ನೇ ಬಂಧಿಸಿದ ನಾಯಕ

1979ರ ಜುಲೈ 19ರಂದು ಸ್ಯಾಂಡಿನಿಸ್ಟಾ ಗೆರಿಲ್ಲಾಗಳು ನಿಕರಾಗುವಾದ ರಾಜಧಾನಿ ಮನಾಗುವಾವನ್ನು ಹೊಕ್ಕಾಗ ನಾಲ್ಕು ದಶಕಗಳ ಸೊಮೊಸಾ ಮನೆತನದ ಸರ್ವಾಧಿಕಾರ ಮುಗಿಯಿತು. ಅಪ್ಪನಿಂದ ಮಕ್ಕಳಿಗೆ ದಾಟಿಬಂದ ಆ ಆಳ್ವಿಕೆಗೆ ನ್ಯಾಷನಲ್ ಗಾರ್ಡ್ ಎಂಬ ಪಡೆಯ ಬಂದೂಕೇ ಆಧಾರವಾಗಿತ್ತು. 1972ರ ಭೂಕಂಪದಲ್ಲಿ ಮನಾಗುವಾ ನೆಲಕಚ್ಚಿದಾಗ ಹೊರದೇಶಗಳಿಂದ ಬಂದ ನೆರವನ್ನೂ ಆ ಕೂಟ ನುಂಗಿಹಾಕಿತ್ತು. 1978ರ ಜನವರಿಯಲ್ಲಿ ‘ಲಾ ಪ್ರೆನ್ಸಾ’ ಪತ್ರಿಕೆಯ ಸಂಪಾದಕ ಪೆಡ್ರೊ ಹೋಕಿನ್ ಚಮೊರೊ ಅವರ ಕೊಲೆಯಾದ ಮೇಲಂತೂ ವ್ಯಾಪಾರಿಗಳೂ ಸರ್ಕಾರದ ವಿರುದ್ಧ ತಿರುಗಿಬಿದ್ದರು.

ಹೊಸ ಸರ್ಕಾರದ ಮುಂಚೂಣಿಗೆ ಬಂದ ಡೇನಿಯಲ್ ಒರ್ಟೆಗಾ ಮೋಡಿಮಾಡುವ ಭಾಷಣಕಾರನಲ್ಲ. ಬ್ಯಾಂಕ್ ದರೋಡೆಯ ಪ್ರಕರಣದಲ್ಲಿ ಏಳು ವರ್ಷ ಸೊಮೊಸಾನ ಸೆರೆಯಲ್ಲಿದ್ದವನು. 1974ರ ಡಿಸೆಂಬರ್‌ನಲ್ಲಿ ಗೆರಿಲ್ಲಾಗಳ ಒಂದು ಸಣ್ಣ ತಂಡ ಮನಾಗುವಾದ ಶ್ರೀಮಂತರ ಮನೆಯೊಂದರ ಔತಣಕೂಟಕ್ಕೆ ನುಗ್ಗಿ, ಅಲ್ಲಿದ್ದ ಗಣ್ಯರನ್ನು ಒತ್ತೆಯಿಟ್ಟುಕೊಂಡಿತು. ಅವರ ಬದಲಿಗೆ ಬಿಡುಗಡೆಯಾದ ಕೈದಿಗಳಲ್ಲಿ ಒರ್ಟೆಗಾನೂ ಒಬ್ಬ. ಆ ತಂಡದಲ್ಲಿದ್ದ ಯುವಕ ಹ್ಯೂಗೊ ಟೊರೆಸ್.

ಮೊದಲ ವರ್ಷಗಳ ಹುಮ್ಮಸ್ಸು ನಿಜವಾದದ್ದೇ. 1980ರಲ್ಲಿ ಸಾವಿರಾರು ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು ಅಕ್ಷರ ಕಲಿಸಿದರು. ಸರ್ಕಾರದ ಲೆಕ್ಕದಂತೆ, ಜನರಲ್ಲಿ ಅರ್ಧದಷ್ಟಿದ್ದ ಅನಕ್ಷರತೆ ಶೇ. 13ರ ಆಸುಪಾಸಿಗೆ ಇಳಿಯಿತು. ಕವಿಯೂ ಪಾದ್ರಿಯೂ ಆಗಿದ್ದ ಎರ್ನೆಸ್ಟೊ ಕಾರ್ಡೆನಾಲ್ ಸಂಸ್ಕೃತಿ ಸಚಿವರಾದರು, ಕಾದಂಬರಿಕಾರ ಸೆರ್ಹಿಯೊ ರಾಮಿರೆಸ್ ಮುಂದೆ ಉಪಾಧ್ಯಕ್ಷರಾದರು. ಲೇಖಕರು ಆಳುವ ದೇಶ ಎಂಬ ಬೆರಗಿನಿಂದ ಹೊರಗಿನವರು ಬಂದು ನೋಡಿಹೋಗುತ್ತಿದ್ದರು. 1986ರಲ್ಲಿ ಬಂದ, ಮುಂಬೈಯಲ್ಲಿ ಹುಟ್ಟಿದ ಸಲ್ಮಾನ್ ರಶ್ದಿ ಈ ಭೇಟಿಯ ಬಗ್ಗೆ ಪುಸ್ತಕವನ್ನೇ ಬರೆದರು. ಗಡಿಯ ಮಿಸ್ಕಿಟೊ ಬುಡಕಟ್ಟಿನವರನ್ನು ಬಲವಂತವಾಗಿ ಒಕ್ಕಲೆಬ್ಬಿಸಿದ್ದು, ಅದೇ ‘ಲಾ ಪ್ರೆನ್ಸಾ’ವನ್ನು ಮುಚ್ಚಿಸಿದ್ದು ಅಭಿಮಾನಿಗಳಿಗೆ ಅಷ್ಟಾಗಿ ಚುಚ್ಚಲಿಲ್ಲ. ಅಮೆರಿಕ ಹಣ ಕೊಟ್ಟು ಸಾಕಿದ ‘ಕಾಂಟ್ರಾ’ ಪಡೆಗಳ ಯುದ್ಧ ಎಲ್ಲಕ್ಕೂ ಸಮಜಾಯಿಷಿಯಾಗಿತ್ತು.

ಆ ಯುದ್ಧ, ಕಡ್ಡಾಯ ಸೈನ್ಯ ಸೇವೆ, ಬೆಲೆಯೇರಿಕೆಗಳಿಂದ ಬೇಸತ್ತ ಜನ 1990ರಲ್ಲಿ ಒರ್ಟೆಗಾನನ್ನು ಸೋಲಿಸಿ, ಕೊಲೆಯಾದ ಸಂಪಾದಕರ ಪತ್ನಿ ವಿಯೊಲೆಟಾ ಚಮೊರೊ ಅವರನ್ನು ಆರಿಸಿದರು. ಒರ್ಟೆಗಾ ಸೋಲನ್ನು ಒಪ್ಪಿಕೊಂಡ. ಅದು ಅವನ ರಾಜಕೀಯದ ಅತ್ಯುತ್ತಮ ಗಳಿಗೆ ಎನ್ನಬಹುದು. ಆದರೆ ಕುರ್ಚಿ ಬಿಡುವ ಮುಂಚಿನ ವಾರಗಳಲ್ಲಿ ಸರ್ಕಾರಿ ಮನೆ, ಜಮೀನುಗಳು ಪಕ್ಷದ ಮುಖಂಡರ ಹೆಸರಿಗೆ ವರ್ಗವಾದವು. ಭ್ರಮನಿರಸನ ಬೇರುಬಿಟ್ಟದ್ದು ಇಲ್ಲಿ. 1995ರಲ್ಲಿ ರಾಮಿರೆಸ್ ಮತ್ತು ಗೆರಿಲ್ಲಾ ನಾಯಕಿ ಡೋರಾ ಮರಿಯಾ ಟೆಲ್ಲೆಸ್ ಪಕ್ಷ ತೊರೆದು ಬೇರೆ ಪಕ್ಷ ಕಟ್ಟಿದರು.

ಒರ್ಟೆಗಾ ಮತ್ತೆ ಮೇಲೆದ್ದದ್ದು ಜನಬೆಂಬಲಕ್ಕಿಂತ ಹೆಚ್ಚಾಗಿ ಒಳಒಪ್ಪಂದದಿಂದ. ಬಲಪಂಥೀಯ ಅಧ್ಯಕ್ಷ ಅರ್ನೊಲ್ಡೊ ಅಲೆಮಾನ್ ಜೊತೆ ಕೈಜೋಡಿಸಿ, ಶೇ. 35ರಷ್ಟು ಮತ ಪಡೆದು ಎರಡನೆಯವರಿಗಿಂತ ಐದು ಅಂಶ ಮುಂದಿದ್ದರೂ ಮೊದಲ ಸುತ್ತಿನಲ್ಲೇ ಗೆಲ್ಲುವಂತೆ ಕಾನೂನು ತಿದ್ದಿಸಿದ. 2006ರಲ್ಲಿ ಸುಮಾರು ಶೇ. 38 ಮತಗಳಿಂದ ಗೆದ್ದ. 2014ರಲ್ಲಿ ಮರುಆಯ್ಕೆಗಿದ್ದ ಮಿತಿ ಸಂವಿಧಾನದಿಂದಲೇ ಹೋಯಿತು. 2016ರ ಚುನಾವಣೆಯಲ್ಲಿ ಪತ್ನಿ ರೊಸಾರಿಯೊ ಮುರಿಯೊ ಉಪಾಧ್ಯಕ್ಷೆಯಾಗಿ ಆಯ್ಕೆಯಾದಳು. ರಾಜಧಾನಿಯ ರಸ್ತೆಗಳುದ್ದಕ್ಕೂ ಅವಳು ನಿಲ್ಲಿಸಿದ್ದ, ದೀಪ ಹೊದ್ದ ಬೃಹತ್ ಲೋಹದ ಮರಗಳು ದಂಪತಿಯ ಆಳ್ವಿಕೆಯ ಗುರುತಾದವು. 2018ರ ಏಪ್ರಿಲ್‌ನಲ್ಲಿ ಪಿಂಚಣಿ ಕಡಿತದ ವಿರುದ್ಧ ಬೀದಿಗಿಳಿದ ಯುವಜನರು ಆ ಮರಗಳನ್ನೇ ಹಗ್ಗ ಕಟ್ಟಿ ಎಳೆದು ಕೆಡವಿದರು. ಪೊಲೀಸರೂ ಸರ್ಕಾರದ ಪರವಾದ ಸಶಸ್ತ್ರ ಗುಂಪುಗಳೂ ನಡೆಸಿದ ದಮನದಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು.

2021ರ ಚುನಾವಣೆಗೆ ಮುನ್ನ ಅಧ್ಯಕ್ಷ ಸ್ಥಾನದ ಏಳು ಆಕಾಂಕ್ಷಿಗಳು ಜೈಲು ಸೇರಿದರು. ಹಳೆಯ ಒಡನಾಡಿಗಳಾದ ಟೆಲ್ಲೆಸ್ ಮತ್ತು ಟೊರೆಸ್ ಅವರನ್ನೂ ಬಿಡಲಿಲ್ಲ. 46 ವರ್ಷಗಳ ಹಿಂದೆ ಒರ್ಟೆಗಾನನ್ನು ಬಿಡಿಸಲು ತಾನು ಪ್ರಾಣ ಪಣಕ್ಕಿಟ್ಟಿದ್ದನ್ನು ಟೊರೆಸ್ ಬಂಧನದ ಹೊತ್ತಿನಲ್ಲಿ ವಿಡಿಯೊದಲ್ಲಿ ನೆನಪಿಸಿದ್ದರು. 2022ರ ಫೆಬ್ರವರಿಯಲ್ಲಿ, 73ನೆಯ ವಯಸ್ಸಿನಲ್ಲಿ, ಬಂಧನದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ 222 ರಾಜಕೀಯ ಕೈದಿಗಳನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಿ, ಅವರ ಪೌರತ್ವ ಕಿತ್ತುಕೊಳ್ಳಲಾಯಿತು. ಕೆಲವೇ ದಿನಗಳಲ್ಲಿ ರಾಮಿರೆಸ್ ಸೇರಿದಂತೆ ಇನ್ನೂ 94 ಮಂದಿಗೆ ಅದೇ ಶಿಕ್ಷೆಯಾಯಿತು. 2025ರ ಸಂವಿಧಾನ ತಿದ್ದುಪಡಿ ಮುರಿಯೊಳನ್ನು ಸಹ-ಅಧ್ಯಕ್ಷೆಯಾಗಿಸಿ, ಅಧಿಕಾರಾವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು.