ಕೀಟನಿಯಂತ್ರಣ ವ್ಯವಹಾರದ ಮಾರಾಟ: ಸುನಾಮದ ಬೆಲೆ, ಮಾರುವವನ ಹೊಣೆ

ಅಂಗಡಿಯೊಂದನ್ನು ಮಾರುವಾಗ ಕಟ್ಟಡಕ್ಕೂ ದಾಸ್ತಾನಿಗೂ ಬೆಲೆ ಕಟ್ಟುವುದು ಕಷ್ಟವಲ್ಲ. ಕೀಟನಿಯಂತ್ರಣದ ವ್ಯವಹಾರದಲ್ಲಾದರೋ ಕಣ್ಣಿಗೆ ಕಾಣುವ ಆಸ್ತಿ ಅತ್ಯಲ್ಪ: ಕೆಲವು ಸಿಂಪಡಣೆಯ ಯಂತ್ರಗಳು, ಒಂದೆರಡು ವಾಹನಗಳು, ಗ್ರಾಹಕರ ಪಟ್ಟಿ. ಆದರೂ ಇಂತಹ ಸಂಸ್ಥೆಗಳು ದೊಡ್ಡ ಮೊತ್ತಕ್ಕೆ ಮಾರಾಟವಾಗಿವೆ. ಹಾಗಾದರೆ ಕೊಂಡವನು ಕೊಂಡದ್ದೇನು? ಈ ಉದ್ಯಮದ ನೂರು ವರ್ಷಗಳ ಇತಿಹಾಸವನ್ನು ಅವಲೋಕಿಸಿದರೆ ಉತ್ತರ ದೊರೆಯುತ್ತದೆ.

ಹೆರಾಲ್ಡ್ ಮ್ಯಾಕ್ಸ್‌ವೆಲ್-ಲೆಫ್ರಾಯ್ ಎಂಬ ಆಂಗ್ಲ ವಿಜ್ಞಾನಿ 1903ರಲ್ಲಿ ಭಾರತಕ್ಕೆ ಬಂದು, ಬಿಹಾರದ ಪೂಸಾದಲ್ಲಿ ಸರ್ಕಾರದ ಕೀಟಶಾಸ್ತ್ರಜ್ಞರಾಗಿ ದುಡಿದರು. 1909ರಲ್ಲಿ ಭಾರತದ ಕೀಟಗಳನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಮುಂದೆ ಲಂಡನ್ನಿಗೆ ಮರಳಿದ ಅವರು ವೆಸ್ಟ್‌ಮಿನ್‌ಸ್ಟರ್ ಹಾಲಿನ ಛಾವಣಿಯ ಮರವನ್ನು ಕೊರೆಯುತ್ತಿದ್ದ ಹುಳುಗಳಿಗೆ ಔಷಧ ಕಂಡುಹಿಡಿದರು. ಅದರ ಫಲವಾಗಿ 1925ರಲ್ಲಿ ರೆಂಟೋಕಿಲ್ ಕಂಪನಿ ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಕೀಟನಾಶಕ ಅನಿಲದ ಪ್ರಯೋಗ ನಡೆಸುತ್ತಿದ್ದಾಗ, ಆ ಅನಿಲವೇ ಅವರ ಪ್ರಾಣವನ್ನು ತೆಗೆದುಕೊಂಡಿತು. ಸಹಾಯಕಿ ಎಲಿಜಬೆತ್ ಈಡ್ಸ್ ವ್ಯವಹಾರವನ್ನು ನಡೆಸಿಕೊಂಡು ಹೋದರು. 1957ರಲ್ಲಿ ಬ್ರಿಟಿಷ್ ರಾಟಿನ್ ಕಂಪನಿ ಅದನ್ನು ಕೊಂಡಿತು; ಕೊಂಡ ಕಂಪನಿಯೇ ಮುಂದೆ ತನ್ನ ಹೆಸರನ್ನು ಬಿಟ್ಟು ರೆಂಟೋಕಿಲ್ ಎಂಬ ಹೆಸರನ್ನು ಧರಿಸಿತು. ವ್ಯಾಪಾರದಲ್ಲಿ ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದನ್ನೇ ವಾಣಿಜ್ಯಶಾಸ್ತ್ರ ಗುಡ್‌ವಿಲ್ ಅಥವಾ ಸುನಾಮ ಎನ್ನುತ್ತದೆ. ಹಳೆಯ ಗ್ರಾಹಕರು ಹಳೆಯ ಜಾಗಕ್ಕೇ ಬರುವ ಸಂಭವವೇ ಸುನಾಮವೆಂದು 1810ರಲ್ಲಿ ಇಂಗ್ಲೆಂಡಿನ ಲಾರ್ಡ್ ಎಲ್ಡನ್ ನಿರೂಪಿಸಿದರು. ಸುನಾಮವನ್ನು ಮಾರಿದವನು ಗೊತ್ತುಪಡಿಸಿದ ಪ್ರದೇಶದೊಳಗೆ ಅದೇ ಬಗೆಯ ವ್ಯವಹಾರ ಮಾಡುವುದಿಲ್ಲವೆಂದು ನ್ಯಾಯೋಚಿತ ಮಿತಿಯಲ್ಲಿ ಕರಾರು ಮಾಡಿಕೊಳ್ಳಲು 1872ರ ಭಾರತೀಯ ಕರಾರು ಅಧಿನಿಯಮದ 27ನೆಯ ಪ್ರಕರಣ ಅವಕಾಶ ನೀಡಿದೆ. ಒಂದೆರಡು ಜಿಲ್ಲೆಗಳಲ್ಲಿ ಮಾತ್ರ ಹೆಸರಾದ ಸಂಸ್ಥೆಗೆ ಈ ಕರಾರೇ ಜೀವಾಳ. ಅದಿಲ್ಲದಿದ್ದರೆ ಮಾರಿದವನೇ ಎದುರು ಬೀದಿಯಲ್ಲಿ ಮತ್ತೊಂದು ಫಲಕ ತೂಗುಹಾಕಬಹುದು.

ಬೆಲೆ ಕಟ್ಟುವ ಸಾಮಾನ್ಯ ಕ್ರಮವೆಂದರೆ ಕೆಲವು ವರ್ಷಗಳ ಸರಾಸರಿ ಲಾಭವನ್ನು ನಿರ್ದಿಷ್ಟ ವರ್ಷಗಳಿಂದ ಗುಣಿಸುವುದು. ಉದಾಹರಣೆಗೆ, ಮೂರು ವರ್ಷಗಳ ಲಾಭ 6, 7 ಮತ್ತು 8 ಲಕ್ಷ ರೂಪಾಯಿಗಳಾದರೆ ಸರಾಸರಿ 7 ಲಕ್ಷ. ಮೂರರಿಂದ ಗುಣಿಸಿದರೆ 21 ಲಕ್ಷ. ಆದರೆ ಮಾಲೀಕನು ಸ್ವತಃ ದುಡಿಯುತ್ತಿದ್ದು, ಆ ದುಡಿಮೆಗೆ ತಕ್ಕ ಸಂಬಳ ವರ್ಷಕ್ಕೆ 4 ಲಕ್ಷವೆಂದಾದರೆ, ನಿಜವಾದ ಲಾಭ 3 ಲಕ್ಷವಷ್ಟೆ. ಸುನಾಮದ ಬೆಲೆ 9 ಲಕ್ಷಕ್ಕೆ ಇಳಿಯುತ್ತದೆ. ವಾರ್ಷಿಕ ಒಪ್ಪಂದಗಳಿಗಾಗಿ ಮುಂಗಡ ಪಡೆದು, ಇನ್ನೂ ಮಾಡದಿರುವ ಕೆಲಸದ ಹಣವೂ ಲಾಭವಲ್ಲ, ಸಾಲ. ಅದನ್ನು ಲಾಭವೆಂದು ತೋರಿಸುವುದು ಲೆಕ್ಕದ ಜಾಣತನವಲ್ಲ, ವಂಚನೆ.

ನಮ್ಮ ದೇಶದಲ್ಲಿ 1958ರಲ್ಲಿ ಸಾಗಣೆಯ ಸಂದರ್ಭದಲ್ಲಿ ಪ್ಯಾರಾಥಿಯಾನ್ ಕೀಟನಾಶಕ ಆಹಾರ ಪದಾರ್ಥಗಳಿಗೆ ಬೆರೆತು, ಕೇರಳದಲ್ಲಿ ಹಲವಾರು ಮಂದಿ ಪ್ರಾಣ ಕಳೆದುಕೊಂಡರು. 1968ರಲ್ಲಿ ಕೀಟನಾಶಕಗಳ ಅಧಿನಿಯಮ ಅಂಗೀಕಾರವಾದುದರ ಹಿಂದೆ ಈ ದುರಂತದ ನೆನಪಿದೆ. ಆದುದರಿಂದ ಪರವಾನಗಿಯ ಸ್ಥಿತಿ, ಉಳಿದಿರುವ ವಿಷದ ದಾಸ್ತಾನು, ಕೆಲಸಗಾರರ ಆರೋಗ್ಯ, ಬಾಕಿ ಇರುವ ದೂರುಗಳು, ಇವೆಲ್ಲವನ್ನೂ ಕೊಳ್ಳುವವನ ಮುಂದೆ ತೆರೆದಿಡಬೇಕಾದುದು ಮಾರುವವನ ಕರ್ತವ್ಯ. 2017ರಲ್ಲಿ ರೆಂಟೋಕಿಲ್ ಸಂಸ್ಥೆ ಭಾರತದ ಪೆಸ್ಟ್ ಕಂಟ್ರೋಲ್ ಇಂಡಿಯಾದೊಡನೆ ಕೂಡಿ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದಾಗ, ಅದಕ್ಕೆ ರೆಂಟೋಕಿಲ್ ಪಿಸಿಐ ಎಂದು ಹೆಸರಿಟ್ಟಿತು. ವಿಶ್ವದ ದೊಡ್ಡ ಸಂಸ್ಥೆಯೂ ಇಲ್ಲಿನ ಗ್ರಾಹಕರಿಗೆ ಪರಿಚಿತವಾದ ಹೆಸರನ್ನು ಅಳಿಸಲಿಲ್ಲ.

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ತ್ಯಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನೂ ಎಣಿಸಿದೆ. ಪಿತ್ರಾರ್ಜಿತವಾಗಿ ಇಂತಹ ವ್ಯವಹಾರದಲ್ಲಿ ಪಾಲು ಬಂದ ಶ್ರಾವಕನು ಅದನ್ನು ಮಾರಿ ಹೊರಬರಲು ಬಯಸುವುದು ಸಹಜ. ಆದರೆ ಅಹಿಂಸೆಗಾಗಿ ಮಾರುತ್ತೇನೆಂದು ಹೇಳಿ ದೋಷಗಳನ್ನು ಮುಚ್ಚಿಟ್ಟು ಹೆಚ್ಚಿನ ಬೆಲೆ ಪಡೆದರೆ, ಒಂದು ವ್ರತವನ್ನು ಉಳಿಸಲು ಹೋಗಿ ಸತ್ಯ, ಅಚೌರ್ಯಗಳೆರಡನ್ನೂ ಕಳೆದುಕೊಂಡಂತೆ. ಬಂದ ಬೆಲೆ ಕಡಿಮೆಯಾದರೂ ಇದ್ದುದನ್ನು ಇದ್ದಂತೆ ಹೇಳಿ ಮಾರಿದವನ ಸುನಾಮ ಮಾತ್ರ ಮಾರಾಟದ ನಂತರವೂ ಅವನದಾಗಿಯೇ ಉಳಿಯುತ್ತದೆ.