ಕಾರಿನ ಮೈಮೇಲಿನ ಸುರುಳಿ ಗೀರುಗಳು

ಮೊನ್ನೆ ಅಪ್ಪನ ಕಪ್ಪು ಕಾರು ಬಿಸಿಲಲ್ಲಿ ನಿಂತಿತ್ತು. ನೋಡಿದ್ರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರುಗಳು! ಗೆಳೆಯನ ಪಾಲಿಶಿಂಗ್ ಮೆಶಿನ್ ತಂದೆ. ಆ ಕತೆ ಆಮೇಲೆ, ಮೊದಲು ಚರಿತ್ರೆ...

ಮೊದಮೊದಲ ಕಾರುಗಳಿಗೆ ಕುದುರೆಗಾಡಿಯ ವಾರ್ನಿಶ್ಶೇ ಗತಿ. ಬಳಿದು ಒಣಗಿಸೋಕೆ ವಾರಗಟ್ಟಲೆ ಬೇಕಿತ್ತು. 1923ರಲ್ಲಿ ಡುಪಾಂಟ್‌ನವರ ಡ್ಯೂಕೋ ಲ್ಯಾಕರ್ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರಿಗೆ ಬಂತು. ಬೇಗ ಒಣಗುತ್ತೆ, ಬಣ್ಣಗಳೂ ಹಲವು. 1914ರಿಂದ ಬರೀ ಕಪ್ಪು ಮಾಡೆಲ್ ಟಿ ಮಾರುತ್ತಿದ್ದ ಫೋರ್ಡ್ ಸಾಹೇಬರೂ 1926ರ ಮಾಡೆಲ್‌ಗೆ ಬೇರೆ ಬಣ್ಣ ಕೊಡಬೇಕಾಯ್ತು! ಆದ್ರೆ ಡ್ಯೂಕೋ ತಾನಾಗಿ ಅಷ್ಟು ಹೊಳೆಯುತ್ತಿರಲಿಲ್ಲ, ಉಜ್ಜಿದರೇ ಹೊಳಪು. ಉಜ್ಜಿದ ಬಟ್ಟೆಗೆ ಬಣ್ಣವೂ ಅಂಟುತ್ತಿತ್ತು.

1980ರ ದಶಕದಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್‌ಕೋಟ್ ಸಾಮಾನ್ಯವಾಯ್ತು. ಗೀರು ಬೀಳೋದು ಅದರ ಮೇಲೇ. ಅದರ ದಪ್ಪ ಸುಮಾರು 40-50 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ತೆಳು. ಪಾಲಿಶ್ ಗೀರನ್ನು ತುಂಬಿಸೋದಿಲ್ಲ ಮಾರಾಯ್ರೆ, ಸುತ್ತಲಿನ ಪದರವನ್ನೇ ಗೀರಿನ ತಳದವರೆಗೆ ಸವೆಸುತ್ತೆ. ಒಂದೇ ಕೇಂದ್ರದಲ್ಲಿ ಗಿರಗಿರ ತಿರುಗೋ ರೋಟರಿ ಮೆಶಿನ್ ಬೇಗ ಬಿಸಿಯೇರಿಸುತ್ತೆ. ತಿರುಗುತ್ತಲೇ ಓಲಾಡೋ ಡ್ಯುಯಲ್ ಆಕ್ಷನ್ ಮೆಶಿನ್ ನಮ್ಮಂಥ ಹೊಸಬರಿಗೆ ವಾಸಿ.

ನಾನು ತಂದಿದ್ದು ರೋಟರಿ. ಬಾನೆಟ್ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಕ್ಲಿಯರ್‌ಕೋಟ್ ಪೂರ್ತಿ ಎದ್ದುಹೋಗಿದೆ. ಅಪ್ಪ ಇನ್ನೂ ನೋಡಿಲ್ಲ...