ಒಡನಾಟ: ಅರ್ಥ ಮತ್ತು ಮೂಲ

ಇತರರ ಜೊತೆಯನ್ನು ಬಯಸಿ, ಅದಕ್ಕಾಗಿಯೇ ಹೊತ್ತು ಮೀಸಲಿಡುವ ಸ್ವಭಾವ ಒಡನಾಟ. ಗುಂಪಿನಲ್ಲಿದ್ದ ಮಾತ್ರಕ್ಕೆ ಒಡನಾಟವಾಗದು. ಮಿಡತೆಗಳ ದಂಡಿನಲ್ಲಿ ಕೋಟ್ಯಂತರ ಜೀವಗಳಿದ್ದರೂ ಒಂದಕ್ಕೊಂದರ ಗುರುತಿಲ್ಲ. ಇಂಥವರೆಂದು ಅರಿತು, ಕೆಲವರನ್ನು ಮತ್ತೆ ಮತ್ತೆ ಅರಸಿ ಹೋಗುವಲ್ಲಿ ಅದು ಮೊದಲಾಗುತ್ತದೆ. ಮನುಷ್ಯ ಸಹಜವಾಗಿಯೇ ಸಂಘಜೀವಿ ಎಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ಆದರೆ ಈ ಗುಣದ ಬೇರು ಮನುಷ್ಯಕುಲಕ್ಕಿಂತ ಹಳೆಯದು.

ದಕ್ಷಿಣ ಭಾರತದ ದೇವಸ್ಥಾನಗಳ ಅಂಗಳದಲ್ಲಿ ಕೋತಿಗಳು ಒಂದರ ಕೂದಲನ್ನೊಂದು ಬಿಡಿಸಿ ಹೇನು ಹೆಕ್ಕುತ್ತ ಕೂತಿರುವುದನ್ನು ಕಾಣದವರಿಲ್ಲ. ಮೈ ಚೊಕ್ಕಟವಾಗುವುದು ಅದರ ಒಂದು ಫಲವಷ್ಟೆ. ಹೆಕ್ಕಿಸಿಕೊಳ್ಳುವ ಕೋತಿಯ ಎದೆಬಡಿತ ನಿಧಾನವಾಗುತ್ತದೆ, ನಂಟು ಬಲಿಯುತ್ತದೆ. ಈ ನಂಟಿನ ಬೆಲೆ ಎಷ್ಟೆಂಬುದು ಕೆನ್ಯಾದ ಅಂಬೊಸೆಲಿಯ ಬಬೂನ್‌ಗಳಿಂದ ತಿಳಿದುಬಂತು. ಜೋನ್ ಸಿಲ್ಕ್, ಸೂಸನ್ ಆಲ್ಬರ್ಟ್ಸ್, ಜೀನ್ ಆಲ್ಟ್‌ಮನ್ ಅವರು 16 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚು ಬೆರೆಯುವ ತಾಯಂದಿರ ಮರಿಗಳೇ ಹೆಚ್ಚಾಗಿ ಬದುಕಿ ಉಳಿಯುತ್ತವೆ. ತಾಯಿ ಗುಂಪಿನಲ್ಲಿ ಮೇಲಿನ ಸ್ಥಾನದವಳೋ ಕೆಳಗಿನವಳೋ ಎಂಬುದರಿಂದ ಈ ಫಲಿತಾಂಶ ಬದಲಾಗಲಿಲ್ಲ. ಒಡನಾಟ ಬಿಡುವಿನ ವಿಲಾಸವಲ್ಲ ಎನ್ನಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹೆಕ್ಕುವಾಗ ಒಮ್ಮೆಗೆ ಒಬ್ಬರನ್ನಷ್ಟೇ ಓಲೈಸಬಹುದು. ಗುಂಪು ದೊಡ್ಡದಾದಂತೆ ಅದಕ್ಕೆ ದಿನ ಸಾಲದು. ಆ ಜಾಗವನ್ನು ಮಾತು ತುಂಬಿತು ಎಂಬುದು ಬ್ರಿಟನ್ನಿನ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಮಂಡಿಸಿದ ವಾದ. ಭಾಷೆಯ ಹುಟ್ಟಿಗೆ ಇದೊಂದೇ ಕಾರಣವೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೂ ಹರಟೆಗೆ ಸಲ್ಲಬೇಕಾದ ಗೌರವವನ್ನು ಈ ವಾದ ತಂದುಕೊಟ್ಟಿದೆ.

ಮಾತಿನ ಆರಂಭಕ್ಕೆ ಪಳೆಯುಳಿಕೆಯ ಸಾಕ್ಷ್ಯ ಸಿಗದು, ಆಸರೆಗೆ ಸಿಕ್ಕೀತು. ಜಾರ್ಜಿಯಾದ ದ್ಮಾನಿಸಿಯಲ್ಲಿ ದೊರೆತ, ಸುಮಾರು 17.7 ಲಕ್ಷ ವರ್ಷ ಹಳೆಯ ತಲೆಬುರುಡೆಯೊಂದರಲ್ಲಿ ಒಂದನ್ನು ಬಿಟ್ಟು ಎಲ್ಲ ಹಲ್ಲುಗಳೂ ಬಿದ್ದು, ದವಡೆಯ ಮೂಳೆ ಸವೆದಿದೆ. ಹಲ್ಲು ಹೋದ ಮೇಲೂ ಆ ಜೀವ ಬಹಳ ಕಾಲ ಬದುಕಿತ್ತು. ಜೊತೆಯವರು ನೆರವಾಗಿದ್ದಿರಬೇಕೆಂದು ಹಲವು ತಜ್ಞರು ಊಹಿಸುತ್ತಾರೆ.

ಬೆಂಕಿ ಕೈವಶವಾದಾಗ ಒಡನಾಟಕ್ಕೆ ಇರುಳೂ ಒದಗಿತು. ಆಫ್ರಿಕಾದ ಕಲಹರಿಯ ಜುಹೊಆನ್ಸಿ ಜನರ ಮಾತುಕತೆಗಳನ್ನು ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ ದಾಖಲಿಸಿ, 2014ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ಹಗಲಿನ ಮಾತು ಬಹುಪಾಲು ದುಡಿಮೆ, ದೂರುಗಳದ್ದು. ಕತೆಯ ಪಾಲು ಶೇ. 6 ಮಾತ್ರ. ರಾತ್ರಿ ಬೆಂಕಿಯ ಸುತ್ತ ಅದು ಶೇ. 81. ಆ ಕತೆಗಳಲ್ಲಿ ದೂರದ ನೆಲೆಗಳಲ್ಲಿರುವ ನಂಟರು, ಉಡುಗೊರೆ ಕೊಟ್ಟು ಪಡೆಯುವ ಗೆಳೆಯರು ಬಂದುಹೋಗುತ್ತಿದ್ದರು. ಬರ ಬಿದ್ದಾಗ ಜುಹೊಆನ್ಸಿಗಳು ಆಶ್ರಯ ಅರಸಿ ಹೋಗುತ್ತಿದ್ದುದು ಇವರ ಬಳಿಗೇ.